ನಲವತ್ತೊಂದು ಹೆಬ್ಬೆಟ್ಟುಗಳ ಒಪ್ಪಿಗೆ ಪತ್ರ

ಒಪ್ಪಿಗೆ ಪತ್ರದಲ್ಲಿ ಮೂರು ಅಂಕಣಗಳಿದ್ದವು. ಉರ್ದುವಿನಲ್ಲಿ ಅಚ್ಚಾದ ಹಾಳೆಯಾದ್ದರಿಂದ ಅದನ್ನು ಬಲಗಡೆಯಿಂದ ಓದಬೇಕು. ಮೊದಲನೆಯದು ಮನೆಯ ಯಜಮಾನನ ಹೆಸರಿಗೆ, ಎರಡನೆಯದು ಅವನ ಸಹಿ ಅಥವಾ ಹೆಬ್ಬೆಟ್ಟಿನ ಗುರುತಿಗೆ, ಮೂರನೆಯದು ತಕರಾರಿಗೆ. ಮೂರನೆಯ ಅಂಕಣದ ಅಗಲ ಎರಡು ಬೆರಳಿನಷ್ಟು ಮಾತ್ರ. ತಕರಾರು ಹೇಳುವವರು ಅಷ್ಟು ಉದ್ದವಾಗಿ ಮಾತನಾಡಲಾರರೆಂದು ಹಾಳೆಯನ್ನು ಅಚ್ಚು ಹಾಕಿಸಿದವರು ನಂಬಿದ್ದಂತೆ ತೋರುತ್ತಿತ್ತು. ಅಂಥ ಹಾಳೆಗಳನ್ನು ತುಂಬಿಸಿಕೊಂಡು ಬರುವುದು ನನಗೆ ಸ್ವತಂತ್ರವಾಗಿ ವಹಿಸಿದ ಮೊದಲ ಕೆಲಸವಾಗಿತ್ತು.

ಅದು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳ ಮಾತು. ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಯಾದಗಿರಿಯ ದಕ್ಷಿಣಕ್ಕೆ, ಭೀಮಾ ನದಿಯ ದಂಡೆಯ ಮೇಲೆ, ಮೀನು ಹಿಡಿದು ಹರಿಗೋಲು ನಡೆಸಿ ಬದುಕುವ ನಲವತ್ತೊಂದು ಮನೆಗಳ ಒಂದು ಓಣಿಯಿತ್ತು. ಹೊಳೆ ಏರಿದ ವರ್ಷಗಳಲ್ಲಿ ನೀರು ಓಣಿಯೊಳಗೆ ಬಂದು ಮಣ್ಣಿನ ಗೋಡೆಗಳನ್ನು ಕರಗಿಸುತ್ತಿತ್ತು. ಆದ್ದರಿಂದ ಇಡೀ ಓಣಿಯನ್ನು ಅರ್ಧ ಮೈಲು ಮೇಲಿನ ದಿಬ್ಬಕ್ಕೆ ಸಾಗಿಸಬೇಕೆಂದು ಕಚೇರಿಯಲ್ಲಿ ತೀರ್ಮಾನವಾಗಿತ್ತು. ನಕಾಶೆಯೂ ಸಿದ್ಧವಾಗಿತ್ತು. ಒಂದು ತಿಂಗಳೊಳಗೆ ನಕಾಶೆಯಂತೆ ದಿಬ್ಬದ ಮೇಲೆ ಗೂಟ ನೆಡುವುದು, ನಿವಾಸಿಗಳಿಗೆ ಓದಿ ತಿಳಿಸುವುದು, ಅವರ ಒಪ್ಪಿಗೆ ಪಡೆಯುವುದು, ಇಷ್ಟು ನನ್ನ ಪಾಲಿಗೆ ಬಂದ ಕೆಲಸ. ನಾನು ಹಂಗಾಮಿ ನೌಕರ. ಆರು ತಿಂಗಳ ಅವಧಿಯಲ್ಲಿ ನಾಲ್ಕು ಕಳೆದಿದ್ದವು. ಈ ಕಡತ ಕ್ರಮವಾಗಿ ಮುಗಿದರೆ ಖಾಯಂ ಮಾಡಲು ಶಿಫಾರಸು ಬರೆಯುವುದಾಗಿ ಮೇಲಧಿಕಾರಿಯವರು ಹೇಳಿದ್ದರು.

ನಮ್ಮದು ಸಗರದ ಒಕ್ಕಲು ಮನೆತನ. ನನಗಿಂತ ಮೊದಲು ನಮ್ಮ ಮನೆಯಲ್ಲಿ ಸಹಿ ಮಾಡಬಲ್ಲವರು ಯಾರೂ ಇರಲಿಲ್ಲ. ಹೈದರಾಬಾದಿನಲ್ಲಿ ಉರ್ದು ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ಭೂಮಾಪನದ ತರಬೇತಿಯನ್ನೂ ಪಡೆದಿದ್ದೆ. ಆದರೂ ಕಚೇರಿಯಲ್ಲಿ ಉರ್ದು ಮಾತನಾಡುವಾಗ ಯಾವ ಅಕ್ಷರವನ್ನು ತಪ್ಪಾಗಿ ಉಚ್ಚರಿಸುವೆನೋ ಎಂಬ ಅಳುಕು ನನ್ನನ್ನು ಬಿಡುತ್ತಿರಲಿಲ್ಲ. ಒಂದು ವಾಕ್ಯವನ್ನು ಮನಸ್ಸಿನಲ್ಲಿ ಎರಡು ಸಲ ಕಟ್ಟಿ ನೋಡಿ, ಅನಂತರವೇ ಬಾಯಿ ತೆರೆಯುತ್ತಿದ್ದೆ. ಅಷ್ಟರಲ್ಲಿ ಮಾತು ಮುಂದಕ್ಕೆ ಹೋಗಿಬಿಟ್ಟಿರುತ್ತಿತ್ತು.

ಓಣಿಯ ಪಕ್ಕದ ಚಾವಡಿಯಲ್ಲಿ ಒಂದು ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ನನ್ನೊಂದಿಗೆ ಸರಪಳಿ ಹಿಡಿಯಲು ಒಬ್ಬ ಹಿರಿಯ ಜವಾನನಿದ್ದ. ಅವನು ಅಳತೆಯ ಕೆಲಸದಲ್ಲಿ ನನ್ನ ವಯಸ್ಸಿಗಿಂತ ಹೆಚ್ಚು ವರ್ಷ ಕಳೆದವನು. ಸಂಜೆಯಾಗುತ್ತಲೇ ಯಾದಗಿರಿಯ ತನ್ನ ಮನೆಗೆ ಹೊರಟುಬಿಡುತ್ತಿದ್ದ. ನಾನು ಅಕ್ಕಿ ಬೇಯಿಸಿಕೊಂಡು ಚಾವಡಿಯ ಜಗಲಿಯ ಮೇಲೆ ಒಬ್ಬನೇ ಉಣ್ಣುತ್ತಿದ್ದೆ. ಹೊಳೆಗೆ ಹೋದರೆ ಬಟ್ಟೆ ಒಗೆಯುವ ಹೆಂಗಸರ ನಗೆ ನಾನು ಹತ್ತಿರ ಬಂದಂತೆ ನಿಲ್ಲುತ್ತಿತ್ತು, ದಾಟಿ ಹೋದ ಮೇಲೆ ಮತ್ತೆ ಮೊದಲಾಗುತ್ತಿತ್ತು. ನನ್ನ ಊರಿನಲ್ಲಿ ಕಂದಾಯದ ತಪಾಸಣೆಗೆ ಗಿರ್ದಾವರ ಬಂದಾಗ ನಮ್ಮ ತಾಯಿಯೂ ಹೀಗೆಯೇ ಬಾಯಿ ಮುಚ್ಚಿಕೊಳ್ಳುತ್ತಿದ್ದಳೆಂಬುದು ಗೊತ್ತಿದ್ದರಿಂದ ಅವರನ್ನು ದೂರುವಂತೆಯೂ ಇರಲಿಲ್ಲ.

ಮೊದಲ ನಾಲ್ಕು ದಿನ ದಿಬ್ಬದ ಮೇಲೆ ಅಳತೆ ನಡೆಯಿತು. ನಕಾಶೆಯಲ್ಲಿ ನಾಲ್ಕು ನೇರ ಸಾಲುಗಳು, ಮೂವತ್ತು ಅಡಿಗೆ ನಲವತ್ತು ಅಡಿಯ ನಿವೇಶನಗಳು, ನಡುವೆ ಹನ್ನೆರಡು ಅಡಿಯ ದಾರಿಗಳು. ನೂರಡಿಯ ಸರಪಳಿ ಹಾಸಿ, ನೆಟ್ಟಗೆ ಕಾಣುವಂತೆ ಬಾವುಟದ ಕೋಲು ನಿಲ್ಲಿಸಿ, ಮೂಲೆಮೂಲೆಗೆ ಗೂಟ ಹೊಡೆದು ಸುಣ್ಣ ಬಳಿದೆವು. ಐದನೆಯ ದಿನ ಗುಡಿಯ ಕಟ್ಟೆಯ ಬಳಿ ಸಭೆ ಕರೆದೆ. ಗಂಡಸರು ಬಂದರು. ಹೆಂಗಸರು ಬಾಗಿಲುಗಳಲ್ಲಿ ನಿಂತರು. ಸ್ಥಳಾಂತರದ ಸರಕಾರಿ ಪ್ರಕಟಣೆಯಾದ ಇಶ್ತಿಹಾರವನ್ನು ಮೊದಲು ಉರ್ದುವಿನಲ್ಲಿ ಓದಿದೆ, ಆಮೇಲೆ ಒಂದೂ ಮಾತು ಬಿಡದಂತೆ ಕನ್ನಡದಲ್ಲಿ ವಿವರಿಸಿದೆ. ನನ್ನ ಕನ್ನಡ ಶಾಲೆಯ ಪುಸ್ತಕದ ಕನ್ನಡವಾಗಿತ್ತು. ಮನೆಯಲ್ಲಿ ಆಡುವ ಮಾತು ಸರಕಾರಿ ಕೆಲಸಕ್ಕೆ ಸಲ್ಲದೆಂದು ನಾನು ಭಾವಿಸಿದ್ದೆ. ಯಾರದಾದರೂ ತಕರಾರಿದ್ದರೆ ನಿರ್ಭಯವಾಗಿ ತಿಳಿಸಬಹುದೆಂದೆ. ಯಾರೂ ತಿಳಿಸಲಿಲ್ಲ.

ಓಣಿಯ ಹಿರಿಯರು ಕಟ್ಟೆಯ ತುದಿಯಲ್ಲಿ ಕುಳಿತಿದ್ದರು. ಅರವತ್ತು ದಾಟಿದ, ಅಗಲ ಹೆಗಲಿನ, ಓಣಿಯವರೆಲ್ಲ ಕಾಕಾ ಎಂದು ಕರೆಯುತ್ತಿದ್ದ ಮನುಷ್ಯ. ಹೊಳೆ ದಾಟಿಸುವ ಗುತ್ತಿಗೆ ಅವರ ತಂದೆಯ ಕಾಲದಿಂದ ಅವರ ಮನೆಯಲ್ಲಿಯೇ ಇತ್ತು. ಅವರು ಎದ್ದು ನಿಂತು, “ನೀವು ಹೇಳಿದಂಗ ಆಗ್ಲಿರಿ ಸಾಹೇಬ್ರ. ನಮ್ಮ ಓಣ್ಯಾಗ ಎಲ್ಲಾರ ಮಾತು ಒಂದ ಅದ” ಎಂದರು. ನನಗೆ ಬಹಳ ಸಮಾಧಾನವಾಯಿತು. ಗಂಡಸರು ನಸುಕಿನಲ್ಲಿಯೇ ಹೊಳೆಗೆ ಇಳಿಯುವವರು. ಅವರನ್ನು ಒಬ್ಬೊಬ್ಬರಾಗಿ ಹಿಡಿಯುವುದು ಕಷ್ಟವೆಂದು ಹಿರಿಯರೇ ಹೇಳಿ, ಹಾಳೆಗಳನ್ನೂ ಮಸಿಯ ದಿಂಡನ್ನೂ ತಮ್ಮಲ್ಲಿ ಬಿಟ್ಟು ಹೋಗುವಂತೆ ಕೇಳಿಕೊಂಡರು. ಬಿಟ್ಟೆ. ಈ ಕಥನದಲ್ಲಿ ನಾನು ಮಾಡಿದ ಮೊದಲ ತಪ್ಪು ಅದು. ಮುಂದಿನದೆಲ್ಲ ಅದರಿಂದಲೇ ಹುಟ್ಟಿತು.

ಎರಡು ದಿನಗಳಲ್ಲಿ ಹಾಳೆಗಳು ಮರಳಿ ಬಂದವು. ನಲವತ್ತೊಂದು ಹೆಸರುಗಳ ಮುಂದೆ ನಲವತ್ತೊಂದು ಹೆಬ್ಬೆಟ್ಟುಗಳು. ತಕರಾರಿನ ಅಂಕಣ ಪೂರ್ತಿ ಖಾಲಿ. ಕೆಲಸವು ಅವಧಿಗೆ ಮುನ್ನವೇ ಮುಗಿಯಿತೆಂದು ಮೇಲಧಿಕಾರಿಯವರಿಗೆ ಕಾಗದ ಬರೆದೆ. ಊರಿಗೂ ಒಂದು ಕಾಗದ ಬರೆದೆ. ನನ್ನ ತಂದೆಗೆ ಓದಲು ಬಾರದು. ಯಾರೋ ಓದಿ ಹೇಳಬೇಕು, ಓದಿ ಹೇಳುವವರು ಊರಿಗೆಲ್ಲ ಹೇಳುವರು. ಆದ್ದರಿಂದ ಆ ಕಾಗದಗಳಲ್ಲಿ ಒಳ್ಳೆಯದನ್ನು ಮಾತ್ರ ಬರೆಯುವ ರೂಢಿ ನನಗಿತ್ತು. ಈ ಸಲ ನಿಜವಾಗಿಯೂ ಬರೆಯಲು ಒಳ್ಳೆಯದಿತ್ತು.

ಹಾಳೆಗಳನ್ನು ಕಡತಕ್ಕೆ ಹೊಲಿಯುವ ಮೊದಲು, ಮಸಿ ಹರಡಿದ ಗುರುತುಗಳಿದ್ದರೆ ಮತ್ತೆ ಒತ್ತಿಸಿಕೊಳ್ಳಬೇಕೆಂಬ ನಿಯಮವಿತ್ತು. ಮಧ್ಯಾಹ್ನದ ಬೆಳಕಿನಲ್ಲಿ ಒಂದೊಂದನ್ನೇ ಪರೀಕ್ಷಿಸುತ್ತ ಕುಳಿತೆ. ಏಳನೆಯ ಗುರುತಿನಲ್ಲಿ ಗೆರೆಗಳನ್ನು ಓರೆಯಾಗಿ ಕತ್ತರಿಸುವ ಒಂದು ಬಿಳಿಯ ಪಟ್ಟಿ ಕಂಡಿತು, ಹಳೆಯ ಗಾಯದ ಕಲೆಯಂತೆ. ಎಂಟನೆಯದರಲ್ಲಿಯೂ ಅದೇ. ಮೊದಲಿಗೆ ಹಿಂತಿರುಗಿದೆ. ಒಂದನೆಯದರಲ್ಲಿಯೂ ಇತ್ತು, ನಲವತ್ತೊಂದನೆಯದರಲ್ಲಿಯೂ ಇತ್ತು. ಹಾಳೆಗಳನ್ನು ಮುಚ್ಚಿಟ್ಟು ಹೊರಗೆ ಬಂದು ಜಗಲಿಯ ಮೇಲೆ ನಿಂತೆ. ನಲವತ್ತೊಂದು ಮನೆಗಳ ಒಪ್ಪಿಗೆಯನ್ನು ಒಂದೇ ಬೆರಳು ಕೊಟ್ಟಿತ್ತು.

ಹಿರಿಯರು ಹರಿಗೋಲನ್ನು ಬೋರಲು ಹಾಕಿ ಅದರ ಚರ್ಮಕ್ಕೆ ಎಣ್ಣೆ ಸವರುತ್ತಿದ್ದರು. ನಾನು ಹಾಳೆ ತೋರಿಸಿದಾಗ ಅವರಲ್ಲಿ ಸ್ವಲ್ಪವೂ ಅಳುಕು ಕಾಣಲಿಲ್ಲ.

“ನಲವತ್ತೊಂದು ಬೇಕಂದ್ರಿ, ನಲವತ್ತೊಂದು ಕೊಟ್ಟೀವಿ. ಒಂದೂ ಕಡಿಮಿ ಇಲ್ಲಲ್ರಿ?”

“ಕಡಿಮೆ ಇಲ್ಲ, ಯಜಮಾನರೆ. ಆದರೆ ಎಲ್ಲವೂ ನಿಮ್ಮವೇ.”

“ಮತ್ಯಾರವು ಇರಬೇಕ್ರಿ? ಹೊಳಿ ದಾಟಸೋ ಗುತ್ತಗಿ ಕಾಗದಕ್ಕ ನಮ್ಮಪ್ಪ ಒತ್ಯಾನ, ಆಮ್ಯಾಲ ನಾ ಒತ್ತೀನಿ. ಯಾವ ಸಾಹೇಬ್ರೂ ಬೆರಳು ಎಣಿಸಿಲ್ಲ.”

ಅದು ಸುಳ್ಳಲ್ಲ. ಆ ಓಣಿಯ ಪರವಾಗಿ ಯಾವ ಕಾಗದ ಬಂದರೂ ಒಬ್ಬರೇ ಒತ್ತುವುದು, ಸರಕಾರವೂ ಅದನ್ನೇ ಒಪ್ಪಿಕೊಳ್ಳುವುದು, ಎರಡು ತಲೆಮಾರಿನ ಪದ್ಧತಿ. ಅವರ ಮಟ್ಟಿಗೆ ಅದು ಮೋಸವಲ್ಲ, ಹೊಣೆ. ಉಳಿದವರನ್ನು ಕೇಳಿದಿರಾ ಎಂದು ವಿಚಾರಿಸಿದೆ. ಅವರು ಎಣ್ಣೆಯ ಕೈಯನ್ನು ತೊಡೆಗೆ ಒರೆಸಿಕೊಂಡು ಹೇಳಿದರು: “ಹರಿಗೋಲಿನ್ಯಾಗ ಹತ್ತು ಮಂದಿ ಕುಂತರೂ ಹುಟ್ಟು ಒಬ್ಬನ ಕೈಯಾಗ ಇರ್ತದ್ರಿ. ಹತ್ತೂ ಮಂದಿ ಹುಟ್ಟು ಹಾಕಿದ್ರ ಅದು ನಿಂತಲ್ಲೇ ತಿರುಗ್ತದ. ದಂಡಿ ಮುಟ್ಟಂಗಿಲ್ಲ.”

ಹಿಂದಿರುಗುವಾಗ ಓಣಿಯ ಕೊನೆಯ ಮನೆಯ ಮುಂದೆ ಬಲೆ ಹೆಣೆಯುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತದೆಯೇ ಮಾತನಾಡಿದಳು. ಗಂಡನನ್ನು ಕಳೆದುಕೊಂಡು ಹತ್ತು ವರ್ಷ ಬಲೆ ಹೆಣೆದೇ ಮನೆ ನಡೆಸಿದವಳು. ಮನೆಯ ಯಜಮಾನ ಎಂಬ ಅಂಕಣದಲ್ಲಿ ಅವಳ ಹೆಸರೂ ಇತ್ತು, ಆದರೆ ಅವಳಿಗೆ ಅದು ತಿಳಿದಿರಲಿಲ್ಲ. ಅವಳು ಕೇಳಿದ್ದು ಇಷ್ಟು: “ಒಂದು ಬಲಿ ಇಪ್ಪತ್ತು ಮಾರು ಇರ್ತದ. ಒಣಗಸಾಕ ನಿಮ್ಮ ಮೂರು ಮನಿ ಜಾಗ ಬೇಕು. ನಿಮ್ಮ ನಕಾಶ್ಯಾಗ ಅಲ್ಲಿ ಗ್ವಾಡಿ ಅವ. ಗ್ವಾಡಿ ಮ್ಯಾಲ ಹಾಸ್ಲೇನ್ರಿ?”

ಸಭೆಯ ದಿನ ಏಕೆ ಹೇಳಲಿಲ್ಲವೆಂದು ಕೇಳಿದೆ. ಯಾರೂ ತನ್ನನ್ನು ಕೇಳಲಿಲ್ಲವೆಂದಳು. ತಕರಾರಿದ್ದವರು ತಿಳಿಸಬಹುದೆಂದು ನಾನು ಹೇಳಿದ್ದೆನಲ್ಲ ಎಂದಾಗ, ಅದು ಗಂಡಸರಿಗೆ ಹೇಳಿದ ಮಾತೆಂದು ತಿಳಿದೆನೆಂದಳು. ನಾನು ಹಾಗೆ ಅಂದಿರಲಿಲ್ಲ. ಆದರೆ ಬಾಗಿಲುಗಳ ಕಡೆಗೆ ಒಮ್ಮೆಯೂ ತಿರುಗಿ ನೋಡಿರಲಿಲ್ಲವೆಂಬುದು ಆಗ ನೆನಪಾಯಿತು.

ಅನಂತರದ ಮೂರು ದಿನಗಳನ್ನು ನಾನು ಹೇಗೆ ಕಳೆದೆನೆಂಬುದನ್ನು ವಿವರಿಸುವುದು ಕಷ್ಟ. ಕಡತ ಸಿದ್ಧವಾಗಿತ್ತು. ಅದನ್ನು ಹಾಗೆಯೇ ಕಳುಹಿಸಿದರೆ ಗುರುತುಗಳನ್ನು ಯಾರೂ ಬೆಳಕಿಗೆ ಹಿಡಿದು ನೋಡುತ್ತಿರಲಿಲ್ಲ. ಜವಾನನಿಗೆ ವಿಷಯ ತಿಳಿಸಿದಾಗ ಅವನು ಸರಪಳಿಯನ್ನು ಮಡಚುತ್ತಲೇ, “ಹೆಬ್ಬಟ್ಟಿನ ಗೆರಿ ಯಾರು ನೋಡ್ತಾರ್ರಿ ಸಾಹೇಬ್ರ? ನೀವು ಓದಿದವ್ರು, ಅದಕ್ಕ ನೋಡೀರಿ. ನೋಡಿಲ್ಲ ಅನ್ರಿ, ಮುಗೀತು” ಎಂದ. ಅವನು ಕೆಟ್ಟವನಲ್ಲ. ನನ್ನ ಮೇಲೆ ಅವನಿಗೆ ಮರುಕವಿತ್ತು. ಸಲಹೆ ಕೇಳಲು ನನಗೆ ಬೇರೆ ಯಾರೂ ಇರಲಿಲ್ಲ. ನನ್ನೊಂದಿಗೆ ಓದಿದವರು ಹೈದರಾಬಾದಿನಲ್ಲಿದ್ದರು, ಅವರಿಗೆ ಇಂಥದನ್ನು ಬರೆದರೆ ನಗುವರೆಂಬ ಭಯವಿತ್ತು. ತಂದೆಗೆ ಬರೆಯುವಂತಿರಲಿಲ್ಲ.

ನನ್ನನ್ನು ಕಾಡಿದ್ದು ನ್ಯಾಯದ ದೊಡ್ಡ ಪ್ರಶ್ನೆಯೆಂದು ಈಗ ಬರೆದರೆ ಅದು ಪ್ರಾಮಾಣಿಕವಾಗಲಾರದು. ಬೆಳಿಗ್ಗೆ ದಿಬ್ಬಕ್ಕೆ ಹೋಗಿ, ಆ ಹೆಂಗಸು ಹೇಳಿದ ಇಪ್ಪತ್ತು ಮಾರನ್ನು, ಎಂದರೆ ಸುಮಾರು ನೂರಿಪ್ಪತ್ತು ಅಡಿಯನ್ನು, ನಾನೇ ಹೆಜ್ಜೆ ಹಾಕಿ ಅಳೆದೆ. ಅದು ನಾನು ನೆಟ್ಟ ಮೂರು ನಿವೇಶನಗಳನ್ನು ದಾಟಿ ಹೋಯಿತು. ನನ್ನ ಅಳತೆ ಸರಿಯಾಗಿತ್ತು, ನಕಾಶೆ ತಪ್ಪಾಗಿತ್ತು. ಆ ತಪ್ಪು ನಕಾಶೆಗೆ ನನ್ನ ಕೈಯಿಂದಲೇ ಸುಣ್ಣ ಬಳಿದಿದ್ದೆ. ಸರಿಯಾಗಿ ಮಾಡಬೇಕೆಂಬ ನನ್ನ ಅಂಜಿಕೆಯೇ ನನ್ನನ್ನು ಅಲ್ಲಿಗೆ ತಂದು ನಿಲ್ಲಿಸಿತು. ಮಧ್ಯಾಹ್ನ ಕಾಗದ ಬರೆಯಲು ಕುಳಿತೆ. ಮೂರು ಸಲ ಹರಿದು, ನಾಲ್ಕನೆಯದನ್ನು ಕಳುಹಿಸಿದೆ: ಪೂರ್ಣವಾಯಿತೆಂದು ತಿಳಿಸಿದ ಒಪ್ಪಿಗೆಯು ನಿಯಮದಂತೆ ಪಡೆದುದಲ್ಲ, ಹಾಳೆಗಳನ್ನು ನನ್ನ ವಶದಿಂದ ಬಿಟ್ಟದ್ದು ನನ್ನ ಅಜಾಗರೂಕತೆ, ಉಳಿದ ಅವಧಿಯಲ್ಲಿ ಹೊಸದಾಗಿ ಪಡೆಯಲು ಅನುಮತಿ ಬೇಕು. ಅನುಮತಿ ಒಂದೇ ಸಾಲಿನಲ್ಲಿ ಬಂತು. ಖಾಯಮಾತಿಯ ಮಾತು ಅದರಲ್ಲಿರಲಿಲ್ಲ.

ಹೊಸದಾಗಿ ಪಡೆಯುವುದೆಂದರೆ ಹೇಗೆಂಬುದು ನನಗೆ ಗೊತ್ತಿರಲಿಲ್ಲ. ಮನೆಮನೆಗೆ ಹೋದೆ. ಎಲ್ಲರೂ “ಹೂಂ ರೀ” ಎಂದರು. ನಕಾಶೆಯನ್ನು ನೆಲದ ಮೇಲೆ ಹರಡಿ ತೋರಿಸಿದೆ. ಚೆನ್ನಾಗಿದೆಯೆಂದರು. ಒಬ್ಬನು ಅದನ್ನು ತಲೆಕೆಳಗಾಗಿ ಹಿಡಿದು ಚೆನ್ನಾಗಿದೆಯೆಂದ. ಆರನೆಯ ಮನೆಯಿಂದ ಹೊರಬರುವಾಗ ನನಗೆ ಅರ್ಥವಾಯಿತು: ಪ್ರಶ್ನೆ ಕೇಳುವವನು ನಾನಾಗಿರುವವರೆಗೆ ಉತ್ತರ ಹೂಂ ಎಂದೇ ಇರುತ್ತದೆ. ಮರುದಿನ ಜವಾನನ ಆಕ್ಷೇಪಣೆಯನ್ನು ಲೆಕ್ಕಿಸದೆ ದಿಬ್ಬದ ಮೇಲಿನ ಗೂಟಗಳನ್ನೆಲ್ಲ ಕಿತ್ತುಹಾಕಿದೆ. ಮಂಜೂರಾದ ನಕಾಶೆಯ ಗೂಟಗಳನ್ನು ಅಪ್ಪಣೆಯಿಲ್ಲದೆ ಕೀಳುವುದು ಅಪರಾಧವೇ ಸರಿ. ಅದನ್ನೂ ಕಡತದಲ್ಲಿ ಬರೆದಿಟ್ಟೆ. ಆಮೇಲೆ ಓಣಿಯಲ್ಲಿ ತಿಳಿಸಿದೆ: ಪ್ರತಿ ಮನೆಯವರೂ ಒಂದು ಕಲ್ಲು ತರಬೇಕು, ತಮ್ಮ ಬಾಗಿಲು ಎಲ್ಲಿ ಬರಬೇಕೋ ಅಲ್ಲಿ ಇಡಬೇಕು. ನಾನು ಕಲ್ಲುಗಳನ್ನು ಅಳೆದು ನಕಾಶೆ ಬರೆಯುತ್ತೇನೆ.

ಮೊದಲ ದಿನ ಯಾರೂ ಬರಲಿಲ್ಲ. ಖಾಲಿ ದಿಬ್ಬದ ಮೇಲೆ, ಅಳತೆಯ ಮೇಜಿನ ಹಿಂದೆ, ಬಿಸಿಲೇರುವವರೆಗೆ ನಿಂತಿದ್ದೆ. ಕೆಳಗೆ ಓಣಿಯಲ್ಲಿ ಜನ ಓಡಾಡುವುದು ಕಾಣುತ್ತಿತ್ತು. ಅವರಿಗೂ ನಾನು ಕಾಣುತ್ತಿದ್ದೆನೆಂಬುದರಲ್ಲಿ ಸಂಶಯವಿಲ್ಲ.

ಎರಡನೆಯ ದಿನ ಗಂಡಸರು ಮೀನು ಮಾರಿ ಬಂದು ಮಲಗುವ ಹೊತ್ತಿಗೆ ಬಲೆ ಹೆಣೆಯುವ ಹೆಂಗಸು ಒಬ್ಬಳೇ ಬಂದಳು. ತಲೆಯ ಮೇಲೆ ಬಲೆಯಿತ್ತು, ಕಂಕುಳಲ್ಲಿ ಕಲ್ಲಿತ್ತು. ನನ್ನೊಂದಿಗೆ ಮಾತನಾಡದೆ ಬಲೆಯನ್ನು ಉದ್ದಕ್ಕೂ ಹಾಸಿ, ಅದರ ತುದಿಯಲ್ಲಿ ಕಲ್ಲಿಟ್ಟು, ಕಲ್ಲಿನ ಪಕ್ಕದಲ್ಲಿ ಕುಳಿತುಬಿಟ್ಟಳು. ಅರ್ಧ ಗಂಟೆಯಲ್ಲಿ ಇಬ್ಬರು ಹೆಂಗಸರು ಬಂದರು. ಇಡೀ ಬಯಲನ್ನೆಲ್ಲ ಇವಳೇ ಹಾಸಿಕೊಂಡಿದ್ದಾಳೆಂದು ಒಬ್ಬಳು ನಕ್ಕಳು. ಇನ್ನೊಬ್ಬಳು ಬಲೆಯನ್ನು ದಾಟಿ ಹೋಗಿ ತನ್ನ ಕಲ್ಲನ್ನಿಟ್ಟಳು. ಮೂರನೆಯ ದಿನ ಗಂಡಸರೂ ಬಂದರು. ಬಂದೊಡನೆ ಜಗಳ ಆರಂಭವಾಯಿತು.

“ಸಾಹೇಬ್ರ, ಇವನ್ನ ನನ್ನ ಬಾಜೂಕ ಹಾಕಬ್ಯಾಡ್ರಿ. ಇವನ ನಾಯಿ ನನ್ನ ಹರಿಗೋಲಿನ ತೊಗಲು ತಿಂದದ.”

“ನಿನ್ನ ತೊಗಲಿನ ವಾಸನಿಗಿ ಹೊಳ್ಯಾಗಿನ ಮೀನ ಓಡಿ ಹೋಗ್ತಾವ. ನಾಯಿ ಒಂದ ಧೈರ್ಯ ಮಾಡ್ಯದ.”

ಎಲ್ಲರೂ ನಕ್ಕರು. ನನಗೂ ನಗೆ ಬಂತು. ಆ ಊರಿಗೆ ಬಂದು ಹದಿನೇಳು ದಿನಗಳಾಗಿದ್ದವು, ನನ್ನ ಮುಂದೆ ಯಾರಾದರೂ ಹೂಂ ಅಲ್ಲದ ಮಾತನ್ನು ಬಹಿರಂಗವಾಗಿ ಆಡಿದ್ದು ಅದೇ ಮೊದಲು. ಆ ಜಗಳದಿಂದಲೇ ನನಗೆ ತಿಳಿದುಬಂದುದು ಏನೆಂದರೆ, ಹರಿಗೋಲುಗಳನ್ನು ಹೊಳೆಯ ಬಳಿ ಬಿಟ್ಟುಬರುವಂತಿಲ್ಲ. ಬಿಸಿಲಿಗೆ ಚರ್ಮ ಬಿರಿಯುತ್ತದೆ, ಎಣ್ಣೆಯ ವಾಸನೆಗೆ ನಾಯಿಗಳು ಕಡಿಯುತ್ತವೆ. ಅರ್ಧ ಮೈಲು ದೂರ ದಿನವೂ ತಲೆಯ ಮೇಲೆ ಹೊತ್ತು ಬರುವಂತೆಯೂ ಇಲ್ಲ. ಆ ದಿನ ಒಂದು ಹರಿಗೋಲನ್ನು ಅಳೆದೆ. ಬಾಯಿಯ ಅಗಲ ಎಂಟಡಿ. ಹೊತ್ತವರಿಬ್ಬರು ಎದುರುಬದುರಾದರೆ ಹನ್ನೆರಡು ಅಡಿಯ ದಾರಿಯಲ್ಲಿ ಒಬ್ಬರು ಹಿಂದಕ್ಕೆ ನಡೆಯಬೇಕು.

ಮುಂದಿನ ಎಂಟು ದಿನ ಕಲ್ಲುಗಳು ಜಾಗ ಬದಲಿಸುತ್ತಲೇ ಇದ್ದವು. ನಾನು ಅಳೆಯುವುದು, ಬರೆಯುವುದು, ಅಳಿಸುವುದು. ಬಾಗಿಲುಗಳು ಹೊಳೆಯ ಕಡೆಗೇ ಇರಬೇಕೆಂದು ಹೆಂಗಸರು ಹಟ ಹಿಡಿದರು. ಮಳೆಗಾಲದಲ್ಲಿ ಹರಿಗೋಲು ಮರಳಿ ಬರುವುದನ್ನು ಬಾಗಿಲಲ್ಲಿ ನಿಂತೇ ನೋಡಬೇಕಂತೆ. ಅದರಿಂದ ನೇರ ಸಾಲುಗಳು ಬಾಗಿದವು. ನಡುವೆ ಬಲೆ ಹಾಸಲು ಎಲ್ಲರಿಗೂ ಸೇರಿದ ಉದ್ದನೆಯ ಬಯಲು ಬಂತು. ಹೊಳೆಗೆ ಇಳಿಯುವ ದಾರಿ ಇಪ್ಪತ್ತು ಅಡಿಯಾಯಿತು. ಅರ್ಧ ದಾರಿಯಲ್ಲಿ, ಬದಿಗೆ, ಹರಿಗೋಲುಗಳಿಗೆ ಒಂದು ಚಪ್ಪರ, ಅದನ್ನು ಸರದಿಯಂತೆ ಕಾಯುವುದು. ಆದರೆ ಒಟ್ಟು ಭೂಮಿ ಅಷ್ಟೇ. ಇವೆಲ್ಲ ಬೇಕಾದರೆ ಪ್ರತಿ ನಿವೇಶನವೂ ಎರಡೂ ಕಡೆಯಿಂದ ಕಿರಿದಾಗಬೇಕೆಂದು ಲೆಕ್ಕ ಹಾಕಿ ತೋರಿಸಿದಾಗ ಎರಡು ದಿನ ಯಾರೂ ಒಪ್ಪಲಿಲ್ಲ, ಮೂರನೆಯ ದಿನ ಒಪ್ಪಿದರು. ನಾನು ಅವರ ಪರವಾಗಿ ಏನನ್ನೂ ತೀರ್ಮಾನಿಸಲಿಲ್ಲ. ಒಂದು ಬೇಕಾದರೆ ಇನ್ನೊಂದನ್ನು ಬಿಡಬೇಕೆಂಬುದನ್ನು ಅಡಿಗಳಲ್ಲಿ ತೋರಿಸಿದೆ. ಅಷ್ಟರಲ್ಲಿ ನನ್ನ ಪುಸ್ತಕದ ಕನ್ನಡವೂ ಎಲ್ಲಿಯೋ ಕಳಚಿ ಹೋಗಿ, ನಾನು ಸಗರದ ಮಾತಿನಲ್ಲಿಯೇ ವಾದಿಸತೊಡಗಿದ್ದೆ.

ಈ ಎಲ್ಲ ದಿನಗಳಲ್ಲಿ ಹಿರಿಯರು ದಿಬ್ಬಕ್ಕೆ ಒಮ್ಮೆಯೂ ಬರಲಿಲ್ಲ. ಅವರ ಮನೆಯ ಕಲ್ಲನ್ನು ಯಾರೋ ಗೌರವದಿಂದ ಮೊದಲ ಸಾಲಿನ ಮೊದಲ ಜಾಗದಲ್ಲಿ ಇಟ್ಟಿದ್ದರು. ಅವರು ಗುಡಿಯ ಕಟ್ಟೆಯ ಮೇಲೆ ಕೂರುವುದನ್ನೂ ಬಿಟ್ಟಿದ್ದಾರೆಂದು ಜವಾನ ಹೇಳಿದ. ಅವರ ಹೆಬ್ಬೆಟ್ಟು ನಡೆಯುವುದಿಲ್ಲವೆಂದು ನಾನು ಕಚೇರಿಗೆ ಬರೆದದ್ದು ಓಣಿಗೆ ತಿಳಿದುಹೋಗಿತ್ತು. ಎರಡು ತಲೆಮಾರು ನಡೆದದ್ದು ನನ್ನ ಒಂದು ಕಾಗದದಿಂದ ನಿಂತಿತ್ತು. ದಾರಿಯಲ್ಲಿ ಎದುರಾದಾಗ ನಾನು ಕೈ ಮುಗಿದೆ, ಅವರೂ ಮುಗಿದು ಮುಂದೆ ನಡೆದರು. ದಿಬ್ಬದ ಮೇಲೆ ಗದ್ದಲ ಹೆಚ್ಚಿದಷ್ಟೂ ಕೆಳಗೆ ತಮ್ಮ ಬಾಗಿಲಲ್ಲಿ ಅವರೊಬ್ಬರೇ ಕುಳಿತಿರುವುದು ನನಗೆ ಹೆಚ್ಚಾಗಿ ಕಾಣತೊಡಗಿತು.

ಹೊಸ ಹಾಳೆಗಳಿಗೆ ಹೆಬ್ಬೆಟ್ಟು ಒತ್ತಿಸುವಾಗ ನಾನು ಪ್ರತಿಯೊಬ್ಬರ ಎದುರಿನಲ್ಲಿಯೂ ಕುಳಿತೆ. ತಕರಾರಿನ ಅಂಕಣ ಸಾಲದೆ ಪಕ್ಕಕ್ಕೆ ಕಾಗದದ ಪಟ್ಟಿ ಅಂಟಿಸಬೇಕಾಯಿತು. ತಿರುವು ಕಡಿದಾಗಿದೆ, ಬಾವಿ ದೂರವಾಯಿತು, ಪಕ್ಕದವನ ನಾಯಿಯನ್ನು ಕಟ್ಟಬೇಕು, ಹೀಗೆ ಸಣ್ಣಪುಟ್ಟವು. ಒಂದು ತಿಂಗಳ ಗಡುವಿನ ಕೊನೆಯ ಬೆಳಿಗ್ಗೆ ನಲವತ್ತು ಗುರುತುಗಳಾಗಿದ್ದವು. ಹೊತ್ತೇರುವ ಮೊದಲು ಹಿರಿಯರು ತಾವಾಗಿಯೇ ಚಾವಡಿಗೆ ಬಂದರು. ನಾನು ಎದ್ದು ನಿಂತು ಮಸಿಯ ದಿಂಡನ್ನು ಮುಂದೆ ಸರಿಸಿದೆ. ಅವರು ಅದನ್ನು ಬದಿಗಿಟ್ಟರು.

“ಹೆಬ್ಬಟ್ಟು ಆಮ್ಯಾಲ. ಮೊದಲ ಆ ತಕರಾರಿಂದು ತುಂಬ್ರಿ.”

“ಏನೆಂದು ಬರೆಯಲಿ, ಯಜಮಾನರೆ?”

“ನಾ ಮ್ಯಾಲ ಬರಂಗಿಲ್ಲ ಅಂತ ಬರೀರಿ.”

ನಾನು ಲೇಖನಿಯನ್ನು ಕೆಳಗಿಟ್ಟೆ. ಅವರು ನಿಧಾನವಾಗಿ ಹೇಳಿದರು: “ಇಷ್ಟು ವರ್ಷ ಎಲ್ಲಾರ ಪರವಾಗಿ ಹೂಂ ಅಂದೀನಿ. ಈಗ ನನ್ನೊಬ್ಬನ ಪರವಾಗಿ ಒಲ್ಲೆ ಅಂತೀನಿ. ಒಬ್ಬೊಬ್ಬರನ್ನ ಕೇಳಬೇಕಂತ ನೀವ ಹೇಳಿದ್ರಲ್ರಿ?”

ನೀರು ಬರುವುದೆಂದೆ. ಗೋಡೆ ಬೀಳುವುದೆಂದೆ. ಸಗರದ ಮಾತಿನಲ್ಲಿಯೇ ಬೇಡಿಕೊಂಡೆ. ಹೊಳೆಯು ನನಗಿಂತ ಮೊದಲಿನಿಂದ ತಮಗೆ ಗೊತ್ತೆಂದರು. ಒಂದೇ ಒಂದು ನಿರಾಕರಣೆ ಉಳಿದರೂ ಕಡತ ವಿಚಾರಣೆಗೆ ಹೋಗಬೇಕು, ಮಳೆಗಾಲಕ್ಕೆ ಮುಂಚೆ ಅದು ಮುಗಿಯುವಂತಿಲ್ಲ, ನಲವತ್ತು ಮನೆಗಳೂ ತಡೆದು ನಿಲ್ಲಬಹುದು. ಅದನ್ನೂ ಹೇಳಿದೆ. ಅವರು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದರು, ಬರೆಯಬೇಕಾದ ಜಾಗವನ್ನು. ಬರೆಯದೆ ಇರಬಹುದಿತ್ತು. ಅವರಿಗೆ ಓದಲು ಬಾರದು, ಬೇರೇನನ್ನೋ ಬರೆದು ಓದಿ ಹೇಳಬಹುದಿತ್ತು. ಆ ಯೋಚನೆ ನನಗೆ ಬಂದಿತ್ತೆಂಬುದನ್ನು ಮರೆಮಾಚುವುದಿಲ್ಲ. ‘ಈ ನಿವಾಸಿಯು ಸ್ಥಳಾಂತರಕ್ಕೆ ಒಪ್ಪುವುದಿಲ್ಲ’ ಎಂದು ಬರೆದೆ, ಎರಡು ಸಲ ಓದಿ ಹೇಳಿದೆ. ಅವರು ಹೆಬ್ಬೆಟ್ಟು ಒತ್ತಿ, ಕೈ ಮುಗಿದು ಹೋದರು.

ಮೇಲಧಿಕಾರಿಯವರು ಗುಲಬರ್ಗಾಕ್ಕೆ ಕರೆಸಿಕೊಂಡರು. ಸಜ್ಜನರು. ಚಹಾ ತರಿಸಿ, ನಕಾಶೆಯನ್ನು ಬಹಳ ಹೊತ್ತು ನೋಡಿ, ಇಂಜಿನಿಯರರ ನಕಾಶೆಗಿಂತ ಇದು ಮೇಲೆಂದು ಉರ್ದುವಿನಲ್ಲಿ ಹೇಳಿದರು. ಅನಂತರ ಮೊದಲ ಸಾಲಿನಲ್ಲಿದ್ದ ಹಿರಿಯರ ನಿವೇಶನದ ಮೇಲೆ ಕೆಂಪು ಮಸಿಯಿಂದ ಗೆರೆ ಎಳೆದರು. ಆ ಮನೆ ಯೋಜನೆಯಲ್ಲಿಯೇ ಇಲ್ಲವಾದರೆ ಅದರ ತಕರಾರೂ ಇರುವುದಿಲ್ಲ, ನಲವತ್ತು ಮನೆಗಳಿಗೆ ಮಂಜೂರಾತಿ ಕೂಡಲೇ ಸಿಗುತ್ತದೆ. ಹೀಗೆ ನಲವತ್ತು ಮನೆಗಳ ತೊಡಕು ಬಗೆಹರಿಯಿತು. ನನ್ನ ವಿಷಯಕ್ಕೆ ಬಂದಾಗ ಅವರ ದನಿ ತಗ್ಗಿತು. ಹಾಳೆಗಳನ್ನು ವಶದಿಂದ ಬಿಟ್ಟದ್ದು, ಮಂಜೂರಾದ ಗೂಟಗಳನ್ನು ಕಿತ್ತದ್ದು, ಎರಡೂ ನನ್ನ ಕೈಬರಹದಲ್ಲಿಯೇ ಕಡತದಲ್ಲಿದ್ದವು. ನೀವು ಬರೆಯದಿದ್ದರೆ ನನಗೆ ತಿಳಿಯುತ್ತಿರಲಿಲ್ಲ, ಬರೆದ ಮೇಲೆ ತಿಳಿಯದವನಂತೆ ಇರಲಾರೆ, ಎಂದರು. ನಾನು ಹೇಳಬೇಕೆಂದುಕೊಂಡಿದ್ದ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟುತ್ತಿರುವಾಗಲೇ ಅವರು ಎದ್ದು ನಿಂತರು.

ಮರಳಿ ಬಂದು ನಲವತ್ತು ನಿವೇಶನಗಳಿಗೆ ಗೂಟ ಹೊಡೆಸಿದೆ. ಹಿರಿಯರ ಮನೆಯ ಕಲ್ಲನ್ನು ಎತ್ತಿ ಬದಿಗಿಡಲು ಜವಾನ ಒಪ್ಪಲಿಲ್ಲ. ನಾನೇ ಎತ್ತಿಟ್ಟೆ. ನನ್ನ ಆರು ತಿಂಗಳ ಅವಧಿ ಮುಗಿದ ದಿನ ಸರಪಳಿ, ಮೇಜು, ಕೋಲುಗಳನ್ನು ಪಟ್ಟಿಯಂತೆ ಒಪ್ಪಿಸಿದೆ. ಊರಿಗೆ ಹೋಗಿ ತಂದೆಯ ಮುಂದೆ ಬಾಯಿಂದಲೇ ಹೇಳಿದೆ, ಕಾಗದ ಬರೆಯಲಿಲ್ಲ. ಅವರು ಬಹಳ ಹೊತ್ತು ಎತ್ತಿಗೆ ಮೇವು ಹಾಕುತ್ತಿದ್ದರು.

ಆ ಮಳೆಗಾಲ ಕಳೆದ ಮೇಲೆ, ಸುರಪುರದ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿ ಸೇರಿದ್ದಾಗ, ರಜೆಯಲ್ಲಿ ಯಾದಗಿರಿಗೆ ಬಂದು ಓಣಿಗೆ ಹೋದೆ. ದಿಬ್ಬದ ಮೇಲೆ ಮನೆಗಳು ಎದ್ದಿದ್ದವು. ಬಯಲಿನಲ್ಲಿ ಬಲೆಗಳು ಹಾಸಿದ್ದವು. ನಾನು ಬರೆದ ಬಾಗಿದ ಸಾಲುಗಳನ್ನು ಜನ ಇನ್ನಷ್ಟು ಬಾಗಿಸಿಕೊಂಡಿದ್ದರು. ಮೊದಲ ಸಾಲಿನ ಮೊದಲ ಜಾಗ ಮಾತ್ರ ಖಾಲಿ. ಅಲ್ಲಿ ಕಟ್ಟಿಗೆಯ ರಾಶಿಯೂ ಇರಲಿಲ್ಲ, ಮೇಕೆ ಕಟ್ಟಿದ ಗುರುತೂ ಇರಲಿಲ್ಲ. ಆ ಜಾಗ ಸರಕಾರಕ್ಕೆ ಮರಳಿ ಸೇರಿತೇ ಎಂದು ಬಲೆ ಹೆಣೆಯುವ ಹೆಂಗಸನ್ನು ಕೇಳಿದೆ.

“ಅದು ಕಾಕಾರ ಜಾಗ. ನಕಾಶ್ಯಾಗ ಇಲ್ಲಂದ್ರ ಏನಾತು ತಮ್ಮಾ? ನಮಗೆಲ್ಲಾ ಗೊತ್ತದ” ಎಂದಳು.

ಹೊಳೆ ಆ ವರ್ಷ ಒಮ್ಮೆ ಏರಿತ್ತಂತೆ. ಹಿರಿಯರು ನಾಲ್ಕು ದಿನ ಹರಿಗೋಲಿನ ಚಪ್ಪರದಲ್ಲಿ ಇದ್ದು, ಯಾರ ಮನೆಗೂ ಹೋಗದೆ, ನೀರಿಳಿದ ಮೇಲೆ ಕೆಳಗಿಳಿದಿದ್ದರು. ನಾನು ಕೆಳಗೆ ಹೋದೆ. ನಲವತ್ತು ಮನೆಗಳ ತೊಲೆ ಬಾಗಿಲುಗಳನ್ನು ಬಿಚ್ಚಿ ಒಯ್ದ ಮೇಲೆ ಉಳಿದ ದಿಣ್ಣೆಗಳ ನಡುವೆ ಅವರದೊಂದು ಮನೆ ನಿಂತಿತ್ತು. ಗೋಡೆಗೆ ಮೊಳಕಾಲಿನ ಎತ್ತರಕ್ಕೆ ಹೊಸ ಮಣ್ಣು ಮೆತ್ತಿದ್ದರು. ಅವರು ಬಾಗಿಲಲ್ಲಿಯೇ ಇದ್ದರು.

“ನೌಕರಿ ಖಾಯಂ ಆತೇನ್ರಿ?”

“ಇಲ್ರಿ.”

“ನನ್ನಿಂದೇನು?”

“ಅಲ್ರಿ ಕಾಕಾ. ನಾ ಬರೆದ ಕಾಗದದಿಂದ.”

ಅವರು ಹೊಳೆಯ ಕಡೆಗೆ ನೋಡಿದರು. ಮುಂದಿನ ವರ್ಷ ಮೇಲೆ ಹೋದರೂ ಹೋಗಬಹುದು, ಹೋಗದೆಯೂ ಇರಬಹುದು, ಇನ್ನೂ ಗೊತ್ತಿಲ್ಲವೆಂದರು. ಆಮೇಲೆ ನನ್ನ ಕೈಗಳನ್ನು ನೋಡಿ, “ಇದನ್ನೂ ಬರ್ಕೊಳ್ಳಾಕ ಬಂದೀರೇನು?” ಎಂದು ಕೇಳಿದರು.

ನನ್ನ ಬಳಿ ಕಾಗದವಿರಲಿಲ್ಲ. ಬರೆದುಕೊಳ್ಳುವ ಅಧಿಕಾರವೂ ಇರಲಿಲ್ಲ. ಹಾಗೆಂದೇ ಹೇಳಿದೆ.

“ಹಂಗಾರ ಕುಂದರ್ರಿ” ಎಂದು ಅವರು ಬಾಗಿಲ ಬಳಿ ಜಾಗ ಬಿಟ್ಟರು. ನಾನು ಕುಳಿತೆ.